ಆರು ರನ್ನು, ಐದು ರನ್ನು, ಒಂದು ಅಪ್ರೈಸಲ್

ಮುಂಬಯಿಗೆ ಬಂದು ಇಪ್ಪತ್ತೈದು ವರ್ಷ ದಾಟಿತು. ರೇಷನ್ ಕಾರ್ಡು, ವೋಟು, ಲೋಕಲ್ ಟ್ರೈನಿನ ಪಾಸು ಎಲ್ಲ ಇಲ್ಲಿನದೇ. ಮಗಳು ಸಿಟ್ಟು ಬಂದರೆ ಮರಾಠಿಯಲ್ಲೇ ಬೈಯುತ್ತಾಳೆ. ನನ್ನ ಕನ್ನಡದಲ್ಲೂ ಅಲ್ಲಲ್ಲಿ 'ಅರೇ ಬಾಬಾ' ಸೇರಿಕೊಂಡಿದೆ. ಆದರೆ ರಣಜಿ ಟ್ರೋಫಿ ಶುರುವಾದರೆ ಸಾಕು, ನಾನು ಮತ್ತೆ ಹಾಸನದವನು. ಈ ರೋಗಕ್ಕೆ ಮದ್ದಿಲ್ಲ ಅಂತ ನನ್ನ ಹೆಂಡತಿ ಯಾವತ್ತೋ ತೀರ್ಮಾನ ಮಾಡಿಬಿಟ್ಟಿದ್ದಾಳೆ.

ರೋಗ ಹತ್ತಿದ್ದು 1982ರಲ್ಲಿ, ನಾನಿನ್ನೂ ಮಿಡ್ಲ್ ಸ್ಕೂಲಿನಲ್ಲಿದ್ದಾಗ. ದೆಹಲಿಯಲ್ಲಿ ಫೈನಲ್. ಕರ್ನಾಟಕ ಮೊದಲು ಆಡಿ 705 ಹೊಡೆಯಿತು. ಕಪ್ಪು ನಮ್ದೇ ಅಂತ ಬೀದಿಯಲ್ಲೆಲ್ಲ ಸಾರಿಕೊಂಡು ಬಂದೆ. ದೆಹಲಿಯವರು ನಿಧಾನಕ್ಕೆ ಆಡಿ ಎಂಟು ವಿಕೆಟ್ಟಿಗೆ 707 ಮಾಡಿದರು. ಮೊದಲ ಇನಿಂಗ್ಸ್ ಲೀಡ್ ಮೇಲೆ ಕಪ್ಪು ಅವರದಾಯಿತು. "ಏಳುನೂರ ಐದು ಹೊಡೆದೂ ಸೋಲೋದು ಹೇಗಪ್ಪಾ?" ಅಂತ ಕೇಳಿದೆ. ಅಪ್ಪ ಪೇಪರಿನಿಂದ ತಲೆ ಎತ್ತದೆ, "ಇನ್ನೊಬ್ಬ ಏಳುನೂರ ಏಳು ಹೊಡೆದ್ರೆ ಹಾಗೇ" ಅಂದರು. ಆಮೇಲೆ ಬಿಕಾಂ ಮಾಡಿದೆ, ಬ್ಯಾಂಕು ಸೇರಿದೆ, ಡೆಬಿಟ್ಟು ಕ್ರೆಡಿಟ್ಟು ಎಲ್ಲ ಕಲಿತೆ. ಆದರೂ ಆ ಲೆಕ್ಕ ಇವತ್ತಿಗೂ ಟ್ಯಾಲಿ ಆಗಿಲ್ಲ ನೋಡಿ.

ಮುಂಬಯಿಯಲ್ಲಿದ್ದುಕೊಂಡು ಕರ್ನಾಟಕದ ಅಭಿಮಾನಿಯಾಗಿರುವುದು ಸುಲಭವಲ್ಲ. ನಮ್ಮ ಬಳಿ ಎಂಟು ಕಪ್ಪಿದೆ ಅಂದರೆ ಇವರು 42 ಅನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯಿತು. ನಮ್ಮ ಬ್ರಾಂಚಿನಲ್ಲಿ ದಾದರಿನ ಒಬ್ಬ ಹೆಡ್ ಕ್ಯಾಷಿಯರ್ ಇದ್ದರು, ಶಿವಾಜಿ ಪಾರ್ಕಿನಲ್ಲಿ ಆಡಿ ಬೆಳೆದವರು. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಗ್ಲೇಡ್ಸ್‌ನಲ್ಲಿ ನಮಗೂ ಮುಂಬಯಿಗೂ ಫೈನಲ್. ನಮಗೆ ಗೆಲ್ಲಲು 338 ಬೇಕಿತ್ತು. ಮನೀಶ್ ಪಾಂಡೆ 144, ಅವನ ಜೊತೆ ಗಣೇಶ್ ಸತೀಶ್ 75. ಇಬ್ಬರೂ ಸೇರಿ 209 ರನ್ನು ಕೂಡಿಸಿದಾಗ ನಾನು ಕ್ಯಾಷ್ ಕೌಂಟರಿನ ಹಿಂದೆ ನಿಂತು ಅವರನ್ನು ಗೇಲಿ ಮಾಡುತ್ತಿದ್ದೆ. ಅವರು ನೋಟು ಎಣಿಸುತ್ತಾ, "ಸಾಹೇಬ್, ಅಗರ್ಕರ್ ಇನ್ನೂ ಇದ್ದಾನೆ" ಅಂದರು ಅಷ್ಟೆ. ಅಗರ್ಕರ್ ಐದು ವಿಕೆಟ್ ತೆಗೆದ. ನಾವು 331ಕ್ಕೆ ಆಲೌಟ್. ಆರು ರನ್ನಿನ ಸೋಲು! ಅವತ್ತು ಸಂಕ್ರಾಂತಿ ಬೇರೆ. ಸಂಜೆ ಅವರು ಡಬ್ಬಿ ತೆಗೆದು "ತಿಳಗುಳ ಘ್ಯಾ, ಗೋಡ ಗೋಡ ಬೋಲಾ" ಅಂತ ಎಳ್ಳುಂಡೆ ಕೈಗಿಟ್ಟರು. ಸಿಹಿಯಾಗಿ ಮಾತಾಡಬೇಕಂತೆ... ಎಳ್ಳುಂಡೆಯನ್ನೇನೋ ತಿಂದೆ.

ಆ ಬಾಕಿ ತೀರಿದ್ದು 2014ರಲ್ಲಿ, ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿ ಕಪ್ಪು ಎತ್ತಿದಾಗ. ಬಡ್ಡಿ ಸಿಕ್ಕಿದ್ದು 2015ರ ಮಾರ್ಚಿನಲ್ಲಿ. ಆ ವರ್ಷ ಫೈನಲ್ ವಾಂಖೆಡೆಯಲ್ಲಿ, ಎದುರಾಳಿ ತಮಿಳುನಾಡು. ಅಷ್ಟು ಹೊತ್ತಿಗೆ ನಾನು ಒಂದು ಬ್ರಾಂಚಿನ ಮ್ಯಾನೇಜರ್. ನನ್ನ ಕೈಕೆಳಗೆ ಶಿವಮೊಗ್ಗದ ಒಬ್ಬ ಹುಡುಗ ಆಫೀಸರ್ ಆಗಿದ್ದ, ಇಡೀ ಬ್ರಾಂಚಿನಲ್ಲಿ ಕನ್ನಡದವರು ನಾವಿಬ್ಬರೇ. ಬ್ಯಾಂಕಿನಲ್ಲಿ ಮಾರ್ಚ್ ಅಂದರೆ ಏನು ಅಂತ ಗೊತ್ತಿರುವವರಿಗೆ ಗೊತ್ತು, ಮದುವೆಗೆ ರಜ ಕೇಳಿದರೂ ಮುಖ ಸಿಂಡರಿಸುವ ತಿಂಗಳು. ಅಂಥದ್ದರಲ್ಲಿ ವಾರದ ಮಧ್ಯೆ ಇಬ್ಬರೂ ಒಂದೇ ದಿನ ಸಿ.ಎಲ್. ಹಾಕಿದೆವು. ಅವನಿಗೆ ಹೊಟ್ಟೆನೋವು, ನನಗೆ ಹಲ್ಲುನೋವು.

ವಾಂಖೆಡೆಯಲ್ಲಿ ಜನ ಹೆಚ್ಚಿರಲಿಲ್ಲ. ಬೇಕಾದಲ್ಲಿ ಕೂರಬಹುದಿತ್ತು. ಚಪಾತಿ ಪಲ್ಯ ಬಿಚ್ಚಿಕೊಂಡು ಕರುಣ್ ನಾಯರ್ ಆಡುವುದನ್ನು ನೋಡಿದೆವು. 84ಕ್ಕೆ ಐದು ವಿಕೆಟ್ ಹೋಗಿದ್ದ ತಂಡವನ್ನು ಅವನು ಮತ್ತು ಕೆ.ಎಲ್. ರಾಹುಲ್ ಎತ್ತಿ ನಿಲ್ಲಿಸಿದ್ದರು, ಇಬ್ಬರದೂ ಸೇರಿ 386. ಕರುಣ್ 328 ಹೊಡೆದ. ರಣಜಿ ಫೈನಲ್ಲಿನಲ್ಲಿ ಅಷ್ಟು ದೊಡ್ಡ ಸ್ಕೋರನ್ನು ಅದುವರೆಗೆ ಯಾರೂ ಹೊಡೆದಿರಲಿಲ್ಲ. ಆತುರವಿಲ್ಲ, ಆರ್ಭಟವಿಲ್ಲ, ಹಳೇ ಗುಮಾಸ್ತರು ಲೆಡ್ಜರ್ ಬರೆದ ಹಾಗೆ ಒಂದೊಂದೇ ಸಾಲು. ಸಂಜೆ ಚರ್ಚ್‌ಗೇಟಿಗೆ ನಡೆದು ಬರುವಾಗ ಹುಡುಗ ಅಂದ, "ಸಾರ್, ಇನ್ನು ಹತ್ತು ವರ್ಷ ನಮ್ಮನ್ನ ಯಾರೂ ಮುಟ್ಟಕ್ಕಾಗಲ್ಲ." ನಾನೂ ಹೌದಪ್ಪಾ ಅಂದೆ.

ಆ ಹತ್ತು ವರ್ಷದಲ್ಲಿ ಒಂದೇ ಒಂದು ರಣಜಿ ಫೈನಲ್ ಕೂಡ ಕಾಣಲಿಲ್ಲ ನಾವು. 2016ರ ಕ್ವಾರ್ಟರ್ ಫೈನಲ್, ಅದೇ ತಮಿಳುನಾಡಿನ ಮುಂದೆ 88ಕ್ಕೆ ಆಲೌಟ್. 2019ರ ಸೆಮಿಫೈನಲ್, ಪೂಜಾರ 131 ಹೊಡೆದು ಔಟಾಗದೆ ಉಳಿದು ಸೌರಾಷ್ಟ್ರವನ್ನು ಗೆಲ್ಲಿಸಿದ. 2020ರಲ್ಲಿ ಬಂಗಾಳ. 2023ರಲ್ಲಿ ಮಯಾಂಕ್ 249 ಹೊಡೆದೂ ಮತ್ತೆ ಸೌರಾಷ್ಟ್ರದ ಕೈಯಲ್ಲೇ ಸೋಲು. ಇವನ್ನೆಲ್ಲ ಬೇಗ ಹೇಳಿ ಮುಗಿಸುತ್ತೇನೆ. ನಿಮಗೂ ಬೇಡ, ನನಗೂ ಬೇಡ.

ಆದರೆ 2017ರ ಡಿಸೆಂಬರಿನ ಸೆಮಿಫೈನಲ್ ಬಗ್ಗೆ ಮಾತ್ರ ಸ್ವಲ್ಪ ಹೇಳಲೇಬೇಕು. ಕೋಲ್ಕತ್ತಾದಲ್ಲಿ ವಿದರ್ಭದ ವಿರುದ್ಧ. ಮೊದಲ ಇನಿಂಗ್ಸಿನಲ್ಲಿ ಕರುಣ್ 153 ಹೊಡೆದು ನಮಗೆ 116 ರನ್ನಿನ ಲೀಡ್ ಕೊಡಿಸಿದ್ದ. ಕೊನೆಗೆ ಗೆಲ್ಲಲು ಬೇಕಿದ್ದದ್ದು 198. ಗುರ್ಬಾನಿ ಎಂಬ ಹುಡುಗ ಏಳು ವಿಕೆಟ್ ತೆಗೆದ, ನಾವು 192. ಈ ಸಲ ಐದು ರನ್ನು! ಸೋಲಿಗಿಂತ ಹೆಚ್ಚು ಚುಚ್ಚಿದ್ದು ಸ್ಕೋರ್ ಕಾರ್ಡು. ಎರಡನೇ ಇನಿಂಗ್ಸಿನಲ್ಲಿ ವಿದರ್ಭಕ್ಕೆ 81 ರನ್ನು ಹೊಡೆದುಕೊಟ್ಟವನು ಯಾರು ಗೊತ್ತೇ? ಗಣೇಶ್ ಸತೀಶ್. ಮೈಸೂರಿನಲ್ಲಿ ನಮ್ಮ ಪರವಾಗಿ 75 ಹೊಡೆದ ಅದೇ ದಾವಣಗೆರೆ ಹುಡುಗ! 2014ರ ಫೈನಲ್ಲಿನಲ್ಲಿ ಶತಕ ಹೊಡೆದು, ಕಪ್ಪು ಗೆದ್ದು, ಮರು ಸೀಸನ್ನಿಗೇ ವಿದರ್ಭಕ್ಕೆ ಹೋದವನು. ಮೈಸೂರಿನಲ್ಲಿ ಮುಂಬಯಿ ಕ್ಯಾಪ್ಟನ್ ಆಗಿದ್ದ ವಾಸಿಂ ಜಾಫರ್ ಕೂಡ ಈಗ ವಿದರ್ಭದಲ್ಲೇ. ಅಂದರೆ ಆ ಆರು ರನ್ನಿನ ಸೋಲಿನಲ್ಲಿ ಎದುರುಬದುರು ನಿಂತಿದ್ದ ಇಬ್ಬರು ಈ ಐದು ರನ್ನಿನ ಹೊತ್ತಿಗೆ ಒಂದೇ ಡ್ರೆಸಿಂಗ್ ರೂಮಿನಲ್ಲಿದ್ದರು.

ಹೊರರಾಜ್ಯದ ಮೂವರನ್ನು ಆಡಿಸಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ತವರಿನ ಸಂಸ್ಥೆ ಎನ್‌ಓಸಿ ಕೊಟ್ಟರಾಯಿತು. ವಿದರ್ಭದವರು ಇದನ್ನು ಜಾಣತನದಿಂದ ಬಳಸಿಕೊಂಡರು. ದೊಡ್ಡ ಹೆಸರಿಗೆ ದುಡ್ಡು ಸುರಿಯುವ ಬದಲು, ನಾಕೌಟ್ ಪಂದ್ಯ ಆಡಿ ಗೊತ್ತಿರುವವರನ್ನು ಹುಡುಕಿದರು. ನಮ್ಮಲ್ಲಿ ಪ್ರತಿಭೆ ಹೆಚ್ಚು, ಹಾಗಾಗಿ ಎನ್‌ಓಸಿ ಕೊಡುವುದೂ ಸಲೀಸು. ರಾಬಿನ್ ಉತ್ತಪ್ಪ ಸೌರಾಷ್ಟ್ರಕ್ಕೆ, ಆಮೇಲೆ ಕೇರಳಕ್ಕೆ. ಸತತ ಎರಡು ಕಪ್ಪು ಗೆಲ್ಲಿಸಿದ ಕ್ಯಾಪ್ಟನ್ ವಿನಯ್ ಕುಮಾರ್ ಪುದುಚೇರಿಗೆ. ಶ್ರೇಯಸ್ ಗೋಪಾಲ್ ಒಂದು ಸೀಸನ್ ಕೇರಳಕ್ಕೆ ಹೋಗಿ ಬಂದ. ಅವರವರ ಕಾರಣ ಅವರವರಿಗೆ, ಎಲ್ಲರನ್ನೂ ನಾವೇ ಕಳಿಸಿದೆವು ಅಂತಲ್ಲ. ಆದರೆ ಸೆಮಿಫೈನಲ್ಲಿನ ಕೊನೇ ದಿನ ಬೆಳಿಗ್ಗೆ ಹೊಡೆಯಬೇಕಾದ ಎಂಬತ್ತು ತೊಂಬತ್ತು ರನ್ನಿಗೆ ಬೇಕಾದ್ದು ಬರೀ ಪ್ರತಿಭೆಯಲ್ಲ, ಹಿಂದೆ ಒಮ್ಮೆ ಅಲ್ಲಿ ನಿಂತು ಸೋತಿರುವವನು. ಅಂಥವನ ಬೆಲೆ ಸೀಸನ್ ಆವರೇಜಿನಲ್ಲಿ ಕಾಣುವುದಿಲ್ಲ. 2022ರಲ್ಲಿ ಕರುಣ್ ನಾಯರ್ ಹೆಸರೇ ಕರ್ನಾಟಕ ತಂಡದಲ್ಲಿ ಇಲ್ಲದಾಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎರಡು ಸೀಸನ್ ಸಾಧಾರಣ ಆಡಿದ, ನಿಜ. ಆದರೆ ವಾಂಖೆಡೆಯಲ್ಲಿ 328, ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303 ಹೊಡೆದವನಿಗೆ ಇಷ್ಟು ಬೇಗ ಬಾಗಿಲು ತೋರಿಸುತ್ತಾರೆಯೇ! ಆಯ್ಕೆಗಾರರಿಗೆ ಕಣ್ಣಿಲ್ಲ ಅಂತ ಊಟದ ಹೊತ್ತಿಗೆ ಮನೆಯವರಿಗೆಲ್ಲ ಭಾಷಣ ಮಾಡಿದೆ.

ಆ ಡಿಸೆಂಬರಿನಲ್ಲೇ ಕರುಣ್ ಟ್ವಿಟರಿನಲ್ಲಿ ಒಂದು ಸಾಲು ಬರೆದ. ಕ್ರಿಕೆಟ್ಟನ್ನೇ ಕರೆದು, ನನಗೆ ಇನ್ನೊಂದು ಅವಕಾಶ ಕೊಡು ಅಂತ ಕೇಳಿಕೊಂಡಿದ್ದ. ಅದನ್ನು ನಾನು ಮೊದಲು ನೋಡಿದ್ದು ವಾಟ್ಸಾಪಿನಲ್ಲಿ. ಕಳಿಸಿದ್ದು ಆ ಶಿವಮೊಗ್ಗದ ಹುಡುಗ. ಮೇಲೆ ಕೆಳಗೆ ಒಂದು ಮಾತೂ ಬರೆದಿರಲಿಲ್ಲ.

ಈಗ ಅವನ ವಿಷಯ ಹೇಳಬೇಕು. 2015ರಲ್ಲಿ ರಿಸರ್ವ್ ಬ್ಯಾಂಕು ಎಲ್ಲ ಬ್ಯಾಂಕುಗಳ ಸಾಲದ ಪುಸ್ತಕ ತೆಗೆಸಿ ನೋಡಿತು. ಅಲ್ಲಿಯವರೆಗೆ ಮುಚ್ಚಿಟ್ಟಿದ್ದ ಎನ್‌ಪಿಎ ಎಲ್ಲ ಮೇಲೆ ಬಂತು. ಮೇಲಿನಿಂದ ದಿನಕ್ಕೆರಡು ಫೋನು, ರಿಕವರಿ ಎಷ್ಟಾಯಿತು, ಎಷ್ಟಾಯಿತು ಅಂತ. ರಿಕವರಿ ನೋಡುತ್ತಿದ್ದವನು ಈ ಹುಡುಗ. ಆ ವರ್ಷವೇ ಅವನ ತಾಯಿಗೆ ಕಾಯಿಲೆ. ಶುಕ್ರವಾರ ರಾತ್ರಿ ಬಸ್ಸು ಹತ್ತುವುದು, ಸೋಮವಾರ ತೂಕಡಿಸುತ್ತಾ ಬರುವುದು. ಟಾರ್ಗೆಟ್ಟಿನ ಅರ್ಧವೂ ಆಗಲಿಲ್ಲ. ಅಪ್ರೈಸಲ್ ಬರೆಯುವಾಗ ನನ್ನೆದುರು ಆ ವರ್ಷದ ಅಂಕಿ ಮಾತ್ರ ಇತ್ತು. ಅದಕ್ಕೂ ಹಿಂದಿನ ನಾಲ್ಕು ವರ್ಷ ಅವನು ಹೇಗೆ ದುಡಿದಿದ್ದ ಅನ್ನುವುದಕ್ಕೆ ಆ ಫಾರಮ್ಮಿನಲ್ಲಿ ಕಾಲಮ್ಮಿರಲಿಲ್ಲ. ಷರಾ ಬರೆಯಲು ಮೂರು ಸಾಲು ಜಾಗವಿತ್ತು. ತಾಯಿಯ ವಿಷಯ ಬರೆಯಬಹುದಿತ್ತು. ಬರೆದರೆ ಮ್ಯಾನೇಜರ್ ತನ್ನ ಭಾಷೆಯವನನ್ನು ಉಳಿಸಿಕೊಳ್ಳುತ್ತಿದ್ದಾನೆ ಅಂತ ಅಂದುಕೊಂಡಾರು ಎಂಬ ಅಳುಕು. ನನ್ನ ಸ್ವಂತ ಪ್ರಮೋಷನ್ನೂ ಆ ವರ್ಷವೇ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಖಾಲಿ ಬಿಟ್ಟೆ. ಅವನ ಪ್ರಮೋಷನ್ ತಪ್ಪಿತು, ನನ್ನದಾಯಿತು. 2017ರಲ್ಲಿ ರಾಜೀನಾಮೆ ಕೊಟ್ಟು ಪುಣೆಯಲ್ಲಿ ಬೇರೆ ಬ್ಯಾಂಕು ಸೇರಿದ. ರಿಲೀವಿಂಗ್ ಲೆಟರಿಗೆ ನಾನೇ ಸಹಿ ಹಾಕಿದೆ, ನಮ್ಮ ಎನ್‌ಓಸಿ. ಹೋಗುವಾಗ "ಬರ್ತೀನಿ ಸಾರ್" ಅಂದ, ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದ, ನಾನು ತಡೆದೆ.

ಹಬ್ಬಹುಣ್ಣಿಮೆಗೆ ಮೆಸೇಜು ಮಾಡುತ್ತಿದ್ದ, ನಾನೂ ಮಾಡುತ್ತಿದ್ದೆ. ಆದರೆ ಆ ಟ್ವೀಟಿಗೆ ಏನು ಉತ್ತರ ಬರೆಯಬೇಕು ಅಂತ ತೋಚಲಿಲ್ಲ. ಬರೆಯಲೂ ಇಲ್ಲ.

ಕರುಣ್ 2023ರಲ್ಲಿ ವಿದರ್ಭಕ್ಕೆ ಹೋದ. 2024ರ ಫೆಬ್ರವರಿ, ನಾಗಪುರದಲ್ಲಿ ಕ್ವಾರ್ಟರ್ ಫೈನಲ್, ಎದುರಿಗೆ ನಾವೇ. 90 ಹೊಡೆದ, ನಾವು ಸೋತೆವು. ಮರುವರ್ಷದ ರಣಜಿ ಫೈನಲ್ಲಿನಲ್ಲಿ ಶತಕ ಹೊಡೆದು ವಿದರ್ಭಕ್ಕೆ ಕಪ್ಪು ಕೊಡಿಸಿದ. ಆ ಸೀಸನ್ನಿನ ವಿಜಯ್ ಹಜಾರೆಯಲ್ಲಿ 779 ರನ್ನು! ಹಾಗಾದರೆ ನನ್ನ ಭಾಷಣ ಸರಿ ಅಂತಾಯಿತಲ್ಲ ಅಂತ ನೀವು ಕೇಳಬಹುದು. ಅದೂ ಪೂರ್ತಿ ಸರಿಯಲ್ಲ. 2025ರ ಜನವರಿಯಲ್ಲಿ ವಿಜಯ್ ಹಜಾರೆ ಫೈನಲ್, ವಡೋದರದಲ್ಲಿ, ಕರ್ನಾಟಕಕ್ಕೂ ವಿದರ್ಭಕ್ಕೂ. ನಮ್ಮ ಸ್ಮರಣ್ ರವಿಚಂದ್ರನ್ 101 ಹೊಡೆದ, ಇಪ್ಪತ್ತೊಂದು ವರ್ಷದ ಹುಡುಗ. ಹಳಬರನ್ನೆಲ್ಲ ಹಿಡಿದಿಟ್ಟುಕೊಂಡಿದ್ದರೆ ಇವನು ಎಲ್ಲಿ ಆಡುತ್ತಿದ್ದ? ಆಯ್ಕೆಗಾರನ ಕುರ್ಚಿಯಲ್ಲಿ ಕೂತವನಿಗೆ ಹನ್ನೊಂದೇ ಜಾಗ. ಕರುಣ್ ಬ್ಯಾಟ್ ಹಿಡಿದು ಬಂದಾಗ ನನಗೆ ಅವನು ಶತಕ ಹೊಡೆಯಬೇಕು, ಕರ್ನಾಟಕವೂ ಗೆಲ್ಲಬೇಕು. 27ಕ್ಕೆ ಔಟಾದ. ನಾವು 36 ರನ್ನಿನಿಂದ ಗೆದ್ದೆವು. ಮಗಳು ಸ್ವೀಟು ತರಲೇ ಅಪ್ಪಾ ಅಂದಳು. ಬೇಡ ಅಂದೆ. ಗೆದ್ದರೂ ಅಳುಮೋರೆ, ಸೋತರೂ ಅಳುಮೋರೆ, ಎಂಥಾ ಮನುಷ್ಯ ಅಂತ ಬೈದಳು, ಮರಾಠಿಯಲ್ಲೇ.

ಆ ವರ್ಷ ಇಂಗ್ಲೆಂಡ್ ಪ್ರವಾಸಕ್ಕೆ ಎಂಟು ವರ್ಷದ ಮೇಲೆ ಕರುಣ್‌ಗೆ ಟೆಸ್ಟ್ ತಂಡದಲ್ಲಿ ಮತ್ತೆ ಜಾಗ ಸಿಕ್ಕಿತು. ದೊಡ್ಡದಾಗಿ ಏನೂ ಆಗಲಿಲ್ಲ, ನಾಲ್ಕು ಟೆಸ್ಟ್, ಒಂದು ಅರ್ಧಶತಕ. ಆಮೇಲೆ 2025-26ರ ಸೀಸನ್ನಿಗೆ ಕರ್ನಾಟಕಕ್ಕೇ ವಾಪಸು ಬಂದ. ಅಕ್ಟೋಬರಿನಲ್ಲಿ, ದೀಪಾವಳಿ ಮುಗಿದ ವಾರವೇ, ಗೋವಾ ವಿರುದ್ಧ ರಣಜಿ ಪಂದ್ಯ ಶಿವಮೊಗ್ಗದ ನವುಲೆ ಮೈದಾನದಲ್ಲಿ. ಭಾನುವಾರ ಬೆಳಿಗ್ಗೆ ನೋಡಿದರೆ ಕರುಣ್ ಶತಕ ದಾಟಿ ಆಡುತ್ತಿದ್ದಾನೆ. ಸ್ಕೋರ್ ಕಾರ್ಡಿನ ಚಿತ್ರ ತೆಗೆದು ಆ ಹುಡುಗನಿಗೆ ಕಳಿಸಿದೆ. ಕೆಳಗೆ, ಅಪ್ರೈಸಲ್ಲಿನ ಆ ಮೂರು ಸಾಲು ನಾನು ಖಾಲಿ ಬಿಡಬಾರದಿತ್ತು ಕಣಪ್ಪಾ ಅಂತ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕಳಿಸಿಬಿಟ್ಟೆ.

ಅರ್ಧ ಗಂಟೆ ಉತ್ತರವಿಲ್ಲ. ಆಮೇಲೆ ಒಂದು ಫೋಟೋ ಬಂತು, ಹಸಿರು ಮೈದಾನ, ದೂರದಲ್ಲಿ ಚುಕ್ಕಿಯ ಹಾಗೆ ಬಿಳಿ ಬಟ್ಟೆಯವರು.

"ಹಬ್ಬಕ್ಕೆ ಬಂದವನು ಇನ್ನೂ ಊರಲ್ಲೇ ಇದೀನಿ ಸಾರ್, ಗ್ರೌಂಡಿಂದ್ಲೇ ಕಳಿಸ್ತಿದೀನಿ. ಆ ಕಡೆ ಯಾರಾದ್ರೂ ಸ್ವಲ್ಪ ಹೊತ್ತು ನಿಂತ್ರೆ ಇನ್ನೂರು ಹೊಡೀತಾನೆ ನೋಡಿ."

ನಿಲ್ಲಲಿಲ್ಲ. ಕರುಣ್ 174, ನಾಟೌಟ್.