ನೋಡದೆ ಹೇಳಿದ ಅಭಿಪ್ರಾಯ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ, ಶಾಲೆಯ ಬೆಳವಣಿಗೆಯನ್ನು ಕುರಿತು ಬರೆಯಲು ನನಗಿಂತ ಅರ್ಹರು ಅನೇಕರಿದ್ದಾರೆಂದು ಹೇಳಿ ತಪ್ಪಿಸಿಕೊಳ್ಳಲು ನೋಡಿದೆ. "ಹಾಗಾದರೆ ಸಿನಿಮಾದ ವಿಷಯ ಬರೆಯಿರಿ, ತರಗತಿಯಲ್ಲಿ ನೀವು ಮಾಡಿದ್ದು ಅದನ್ನೇ ಅಲ್ಲವೆ?" ಎಂದರು ಅವರಲ್ಲೊಬ್ಬರು. ಮಾತು ಹಾಸ್ಯದ್ದಾದರೂ ಸುಳ್ಳಲ್ಲ. ಗಣಿತದಲ್ಲಿ ನಾನು ಪಡೆದ ಅಂಕಗಳು ಅದಕ್ಕೆ ಸಾಕ್ಷಿ.

ಶಾಲೆ ಆರಂಭವಾದ 1975ರಲ್ಲಿ ನಾನು ಮೂರನೆಯ ತರಗತಿಯ ಬಾಲಕ. ಆಗ ಕೃಷ್ಣಗಿರಿ ಜಿಲ್ಲೆಯೆಂಬುದು ಇರಲಿಲ್ಲ. ಹೊಸೂರು ಧರ್ಮಪುರಿ ಜಿಲ್ಲೆಗೆ ಸೇರಿತ್ತು. ಹೊಸ ಜಿಲ್ಲೆ ಉದಯಿಸಿದ್ದು 2004ರ ಫೆಬ್ರವರಿಯಲ್ಲಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು ಎಂಬ ನಮ್ಮ ಸೀಮೆಯ ಬಾಳು ಈ ಸಂಚಿಕೆಯ ಓದುಗರಿಗೆ ಗೊತ್ತಿರುವುದೇ. ಚಂದ್ರಚೂಡೇಶ್ವರನ ಬೆಟ್ಟದ ಮೇಲೆ ನಿಂತು ನೋಡಿದರೆ ರಾಜ್ಯದ ಗಡಿ ಯಾವುದೆಂದು ಗುರುತಿಸಲಾಗದು. ಆದರೆ ಟಾಕೀಸಿನ ಗೋಡೆಯ ಭಿತ್ತಿಚಿತ್ರ ನೋಡಿದರೆ ತಿಳಿಯುತ್ತಿತ್ತು. ತಮಿಳು ಚಿತ್ರ ನಮ್ಮೂರಿಗೆ ಬೇಗ ಬರುತ್ತಿತ್ತು; ಕನ್ನಡ ಚಿತ್ರ ಬೆಂಗಳೂರಿನಲ್ಲಿ ಓಡಿ, ದಣಿದು, ರೀಲಿನ ತುಂಬ ಗೀರು ಹೊತ್ತು ಟೆಂಟಿಗೆ ಬರುತ್ತಿತ್ತು. ಬೆಂಗಳೂರು ಕೇವಲ ನಲವತ್ತು ಕಿಲೋಮೀಟರು. ಆದರೂ ಬಸ್ಸಿನ ದುಡ್ಡು ಹುಟ್ಟದ ಮಕ್ಕಳಿಗೆ ಅದು ನಾನೂರು ಕಿಲೋಮೀಟರಿನಷ್ಟೇ ದೂರ.

ಇದರಿಂದಾಗಿ ಸೋಮವಾರ ಬೆಳಗಿನ ಪ್ರಾರ್ಥನೆಗೆ ಮುನ್ನ ಹುಣಸೆಮರದ ಕೆಳಗೆ ನಡೆಯುತ್ತಿದ್ದ ಸಭೆಯಲ್ಲಿ ಚಿತ್ರ ನೋಡಿದವರಿಗಿಂತ ನೋಡದವರ ಸಂಖ್ಯೆಯೇ ಹೆಚ್ಚು. ಅಭಿಪ್ರಾಯಗಳಿಗೆ ಮಾತ್ರ ಕೊರತೆಯಿರಲಿಲ್ಲ. 'ವಿಜಯಚಿತ್ರ', 'ರೂಪತಾರಾ'ಗಳ ಹಳೆಯ ಸಂಚಿಕೆಗಳು ಕ್ಷೌರದಂಗಡಿಯಿಂದ ನಮ್ಮ ಚೀಲಕ್ಕೆ ಬರುತ್ತಿದ್ದವು. ಅದರಲ್ಲಿನ ನಾಲ್ಕು ಛಾಯಾಚಿತ್ರಗಳಿಂದ ನಾವು ಇಡೀ ಕಥೆಯನ್ನು ಕಟ್ಟಿಬಿಡುತ್ತಿದ್ದೆವು. ನಿಜ ಹೇಳಬೇಕೆಂದರೆ, ನೋಡಿದ ಚಿತ್ರಕ್ಕಿಂತ 'ಮುಂದಿನ ಬದಲಾವಣೆ' ಎಂದು ಹಲಗೆಯ ಮೇಲೆ ಬರೆದಿರುತ್ತಿದ್ದ ಚಿತ್ರದ ಬಗೆಗೇ ನಮ್ಮ ಜಗಳ ಹೆಚ್ಚು. ಬರದ ಚಿತ್ರದಲ್ಲಿ ಸೋಲುವ ನಾಯಕನಿಲ್ಲವಲ್ಲ!

ಈ ಸಭೆಯ ಅಧ್ಯಕ್ಷ ನನ್ನ ಬೆಂಚಿನ ಗೆಳೆಯ. ಅವನ ತಂದೆ ತರಕಾರಿಯ ಲಾರಿಯೊಡನೆ ಕಲಾಸಿಪಾಳ್ಯಕ್ಕೆ ಹೋಗುತ್ತಿದ್ದರು. ರಜೆಯ ದಿನ ಮಗನೂ ಕೋಸುಗಡ್ಡೆಯ ಮೂಟೆಯ ಮೇಲೆ ಕುಳಿತು ಹೋಗಿ, ಮೆಜೆಸ್ಟಿಕ್ಕಿನಲ್ಲಿ ಬೆಳಗಿನ ಆಟ ನೋಡಿ, ಸಂಜೆಗೆ ಮರಳುತ್ತಿದ್ದ. ತಂದೆಯವರು ಶಿವಾಜಿ ಗಣೇಶನ್ ಅವರ ಪರಮಭಕ್ತರು. ಮಗ ರಾಜಕುಮಾರರ ಅಭಿಮಾನಿ. ಒಂದೇ ಮನೆಯಲ್ಲಿ ಎರಡು ದೇವರ ಪಟ. ಅವನಿಗೆ ಎರಡೂ ಕಡೆಯ ನ್ಯಾಯ ತಿಳಿದಿತ್ತು. ನನಗೆ ಒಂದೇ ಕಡೆಯದು ತಿಳಿದಿತ್ತು, ಅದೂ ಕೇಳಿ ತಿಳಿದದ್ದು.

ನಮ್ಮ ಗದ್ದಲವನ್ನು ಕನ್ನಡ ಪಂಡಿತರು ಬಹಳ ದಿನ ದೂರದಿಂದ ಗಮನಿಸಿದರು. ಬೆತ್ತ ಹಿಡಿಯುವರೆಂದು ನಾವೆಣಿಸಿದ್ದರೆ, ಅವರು ಇನ್ನೂರು ಪುಟದ ಒಂದು ನೋಟ್‌ಬುಕ್ಕು ತಂದು ಮೇಜಿನ ಮೇಲಿಟ್ಟರು. "ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಇದರಲ್ಲಿ ಬರೆಯಿರಿ" ಎಂದರು. ಮೊದಲ ಸಾಲಿನಲ್ಲಿ ಚಿತ್ರವನ್ನು ಎಲ್ಲಿ, ಎಷ್ಟು ಸಲ ನೋಡಿದೆ ಎಂಬುದನ್ನು ಬರೆಯಬೇಕು. ನೋಡದಿದ್ದರೆ ಯಾರಿಂದ ಕೇಳಿದೆ ಎಂಬುದನ್ನಾದರೂ ಬರೆಯಬೇಕು. ನಟರ ಬಣ್ಣ, ಎತ್ತರ, ಭಾಷೆಗಳನ್ನು ಹಳಿಯುವಂತಿಲ್ಲ, ಅವರ ಕೆಲಸವನ್ನು ಮಾತ್ರ ಹೇಳಬೇಕು. ಇಷ್ಟೇ ಅವರ ಕಟ್ಟಳೆ. ಒತ್ತಕ್ಷರದ ತಪ್ಪಿಗೆ ಮಾತ್ರ ಕೆಂಪು ಶಾಯಿ. ಅಭಿಪ್ರಾಯಕ್ಕೆ ಎಂದೂ ಇಲ್ಲ. ಹೀಗಾಗಿ ನಮ್ಮಲ್ಲಿ ಅನೇಕರು ಮೊದಲ ಬಾರಿಗೆ ಸ್ವಂತ ವಾಕ್ಯವೆಂಬುದನ್ನು ಕನ್ನಡದಲ್ಲಿ ಬರೆದದ್ದು ಆ ನೋಟ್‌ಬುಕ್ಕಿನಲ್ಲೇ. ಪ್ರಬಂಧದಲ್ಲಿ ಹಸುವನ್ನು ಕುರಿತು ಬರೆದ ಹತ್ತು ವಾಕ್ಯಗಳು ನಮ್ಮವಾಗಿರಲಿಲ್ಲ.

ನನ್ನ ಕಥೆಯ ಮುಖ್ಯ ಭಾಗ 1979ರದ್ದು. ಅದರ ಹಿಂದಿನ ವರ್ಷ ರಾಜಕುಮಾರರ 'ಶಂಕರ್ ಗುರು' ಬಂದಿತ್ತು, ವಿ. ಸೋಮಶೇಖರ್ ಅವರ ನಿರ್ದೇಶನ. ತಂದೆ ಮತ್ತು ಅವಳಿ ಮಕ್ಕಳಿಬ್ಬರು, ಹೀಗೆ ಮೂರು ಪಾತ್ರಗಳಲ್ಲಿಯೂ ಅವರೇ. 1979ರ ಜನವರಿಯಲ್ಲಿ ಅದೇ ಕಥೆ 'ತ್ರಿಶೂಲಂ' ಎಂಬ ಹೆಸರಿನಲ್ಲಿ ತಮಿಳಿಗೆ ಬಂತು. ಅದು ಶಿವಾಜಿಯವರ ಇನ್ನೂರನೆಯ ಚಿತ್ರ. ಮುಂದೆ ಹಿಂದಿಗೂ ಹೋಗಿ 1983ರಲ್ಲಿ ಅಮಿತಾಭ್ ಬಚ್ಚನ್ನರ 'ಮಹಾನ್' ಆಯಿತು. ಕನ್ನಡದ ಕಥೆ ತಮಿಳಿಗೆ ಹೋದದ್ದು ಹೊಸದೇನಲ್ಲ. 1971ರ 'ಕಸ್ತೂರಿ ನಿವಾಸ'ವೂ 1975ರಲ್ಲಿ ಶಿವಾಜಿಯವರ 'ಅವನ್‌ದಾನ್ ಮನಿದನ್' ಆಗಿತ್ತು. ಆದರೆ ಈ ಎರಡು ಚಿತ್ರಗಳು ನಮ್ಮ ಹುಣಸೆಮರದ ನೆರಳನ್ನು ಎರಡು ಪಾಲು ಮಾಡಿಬಿಟ್ಟವು.

ನಾನು ಅಂದು ನೋಟ್‌ಬುಕ್ಕಿನಲ್ಲಿ ಬರೆದದ್ದು ಹೀಗಿದೆ: 'ತ್ರಿಶೂಲಂ' ಕಳ್ಳನಕಲು, ಶಿವಾಜಿಯವರದು ಅತಿಯಾದ ನಟನೆ, ರಾಜಕುಮಾರರು ತಮ್ಮ ಹಾಡನ್ನು ತಾವೇ ಹಾಡುತ್ತಾರೆ, ಶಿವಾಜಿಯವರು ಬೇರೆಯವರ ಕಂಠಕ್ಕೆ ತುಟಿಯಾಡಿಸುತ್ತಾರೆ. ಕೊನೆಯ ಮಾತು ನಿಜವೇ. 1974ರ 'ಸಂಪತ್ತಿಗೆ ಸವಾಲ್' ಚಿತ್ರದಿಂದ ರಾಜಕುಮಾರರು ಸ್ವತಃ ಹಾಡತೊಡಗಿದ್ದರು. ಆದರೆ ಮೊದಲ ಸಾಲಿನಲ್ಲಿ ನಾನು 'ಈ ಚಿತ್ರವನ್ನು ಹೊಸೂರಿನಲ್ಲಿ ಒಂದು ಸಲ ನೋಡಿದೆ' ಎಂದು ಬರೆದಿದ್ದೆ. ಅದು ಶುದ್ಧ ಸುಳ್ಳು. ಪಂಡಿತರು ಓದಿ, ಕನ್ನಡಕದ ಮೇಲಿನಿಂದ ನೋಡಿ, "ನೋಡಿದ್ದೀಯಾ?" ಎಂದು ಕೇಳಿದರು. "ನೋಡಿದ್ದೇನೆ ಸಾರ್" ಎಂದೆ. ಪಕ್ಕದಲ್ಲಿ ಕುಳಿತ ಗೆಳೆಯನಿಗೆ ಸತ್ಯ ಗೊತ್ತಿತ್ತು. ಆ ಭಾನುವಾರ ತಂದೆಯೊಡನೆ ಅವನು ಆಟಕ್ಕೆ ಹೋದಾಗ ನಾನು ಟಾಕೀಸಿನ ಹೊರಗೆ ದುಡ್ಡಿಲ್ಲದೆ ನಿಂತಿದ್ದೆ. ಅವನು ಕರೆದರೂ ಹಟದಿಂದ ಒಳಹೋಗಿರಲಿಲ್ಲ. ಅವನು ಪಂಡಿತರ ಮುಂದೆ ಬಾಯಿ ಬಿಡಲಿಲ್ಲ. ತನ್ನ ಸರದಿ ಬಂದಾಗ ಎರಡು ಪುಟ ಬರೆದ. ಹೆಂಡತಿ ಮಕ್ಕಳಿಂದ ಅಗಲಿದ ತಂದೆಯ ಪಾತ್ರದಲ್ಲಿ ರಾಜಕುಮಾರರು ದುಃಖವನ್ನು ಒಳಗೆ ನುಂಗುತ್ತಾರೆ, ಶಿವಾಜಿಯವರು ಹೊರಗೆ ಸುರಿಯುತ್ತಾರೆ. ಎರಡನ್ನೂ ನೋಡಿ ತನಗೆ ಅಳು ಬಂತು ಎಂದು ಅವನು ಬರೆದಿದ್ದ. ಹನ್ನೆರಡು ವರ್ಷದ ಹುಡುಗ ಬರೆದ ಆ ಮಾತಿಗಿಂತ ಉತ್ತಮ ತೀರ್ಮಾನವನ್ನು ನಾನು ಇಂದಿಗೂ ಕಂಡಿಲ್ಲ.

1980ರ ಜೂನಿನಲ್ಲಿ ಏಳನೆಯ ತರಗತಿ ಮುಗಿಸಿದ ಅವನನ್ನು ತಂದೆಯವರು ತಮಿಳು ಮಾಧ್ಯಮಕ್ಕೆ ಸೇರಿಸಿದರು. ಊರಿನಲ್ಲಿ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಸರಕಾರಿ ಕೆಲಸಕ್ಕಾಗಲಿ ಕಾರ್ಖಾನೆಯ ಗೇಟಿಗಾಗಲಿ ತಮಿಳು ಬೇಕು ಎಂಬುದು ಅವರ ಲೆಕ್ಕ, ತಪ್ಪು ಲೆಕ್ಕವೇನಲ್ಲ. ಆದರೆ ನಾನು ಮರದ ಕೆಳಗೆ ಎಲ್ಲರೆದುರು, "ತ್ರಿಶೂಲಂ ಹೊಗಳಿದಾಗಲೇ ಗೊತ್ತಿತ್ತು, ನೀನು ಅವರವನೇ" ಎಂದುಬಿಟ್ಟೆ. ಅವನು ನನ್ನ ಸುಳ್ಳನ್ನು ಅಲ್ಲೇ ಹೊರಗೆಳೆಯಬಹುದಿತ್ತು. ಎಳೆಯಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಹೋದ. ಆಮೇಲೆ ಒಂದೇ ಊರಿನಲ್ಲಿದ್ದೂ, ಬಸ್ ನಿಲ್ದಾಣದಲ್ಲಿ ಎದುರಾದರೆ ತಲೆಯಾಡಿಸುವಷ್ಟೇ ನಮ್ಮ ಸ್ನೇಹ ಉಳಿಯಿತು.

'ಅವರವನು', 'ನಮ್ಮವನು' ಎಂಬ ಮಾತು ಸಿನಿಮಾದಲ್ಲಿ ಎಷ್ಟು ಪೊಳ್ಳೆಂಬುದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು. ಆ ವರ್ಷವೇ ರಜನಿಕಾಂತರ 'ಪೊಲ್ಲಾದವನ್' ಬಂದಿತ್ತು. ಅದು ನಮ್ಮ 1976ರ 'ಪ್ರೇಮದ ಕಾಣಿಕೆ'ಯ ತಮಿಳು ರೂಪ. ರಜನಿಕಾಂತರು ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯೇ ಬಸ್ಸಿನ ನಿರ್ವಾಹಕರಾಗಿದ್ದವರು, ಮನೆಮಾತು ಮರಾಠಿ, ಪೂರ್ವಿಕರ ಊರು ನಮ್ಮ ಕೃಷ್ಣಗಿರಿ ಸೀಮೆಯ ನಾಚಿಕುಪ್ಪಂ. ಅಂದು ನಮಗೆ ಇದು ತಿಳಿದಿದ್ದರೆ ಸೋಮವಾರದ ಸಭೆ ಗುರುವಾರದವರೆಗೂ ನಡೆಯುತ್ತಿತ್ತು. ಇನ್ನು ನಮ್ಮ ರಾಜಕುಮಾರರ ಊರಾದ ಗಾಜನೂರು ಇರುವುದೂ ತಮಿಳುನಾಡಿನ ತಾಳವಾಡಿ ಸೀಮೆಯಲ್ಲಿ. ಅವರ ಮೊದಲ ನಾಯಕ ಚಿತ್ರ, 1954ರ 'ಬೇಡರ ಕಣ್ಣಪ್ಪ', ತಯಾರಾದದ್ದು ಮದರಾಸಿನ ಎ.ವಿ.ಎಂ. ಸಂಸ್ಥೆಯ ಸಹಭಾಗಿತ್ವದಲ್ಲಿ. ಪಂಡಿತರು ಈ ಸಂಗತಿಯನ್ನು ತರಗತಿಯಲ್ಲಿ ಹೇಳಿದ್ದರಂತೆ. ನನಗೆ ನೆನಪಿಲ್ಲ. ಬೇಡದ್ದನ್ನು ಕಿವಿ ಬಿಟ್ಟುಬಿಡುತ್ತದೆ.

2000ದ ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ರಾಜಕುಮಾರರನ್ನು ವೀರಪ್ಪನ್ ಅಪಹರಿಸಿದ. ಸುದ್ದಿ ಹರಡುತ್ತಲೇ ಬೆಂಗಳೂರು ಮುಚ್ಚಿತು, ಗಡಿಯಲ್ಲಿ ಬಸ್ಸುಗಳು ನಿಂತವು. 1991ರ ಡಿಸೆಂಬರಿನ ಕಾವೇರಿ ಗಲಭೆಯನ್ನು ಕಂಡಿದ್ದ ನಮಗೆ ಆ ಮೌನದ ಅರ್ಥ ಗೊತ್ತಿತ್ತು. ಅಲ್ಲಿ ತಮಿಳರು ಬಾಗಿಲು ಹಾಕಿಕೊಂಡರೆ ಇಲ್ಲಿ ನಾವು ಬಸ್ಸಿನಲ್ಲಿ ಕನ್ನಡವನ್ನು ತಗ್ಗಿದ ದನಿಯಲ್ಲಿ ಆಡುತ್ತಿದ್ದೆವು. ನಮ್ಮ ಮನೆಯಲ್ಲಿ ಆಗ ಹಸುಗೂಸು. ಮಗಳು ಹುಟ್ಟಿ ಮೂರು ವಾರವಾಗಿತ್ತು. ಮಂಗಳವಾರ ಸಂಜೆ ಬಾಗಿಲು ಬಡಿದ ಸದ್ದಿಗೆ ಹೆದರಿಯೇ ತೆರೆದೆ. ಇಪ್ಪತ್ತು ವರ್ಷದ ಮೇಲೆ ನನ್ನ ಹೊಸ್ತಿಲಲ್ಲಿ ಅವನು ನಿಂತಿದ್ದ, ಕೈಯಲ್ಲಿ ಹಾಲಿನ ಎರಡು ಪೊಟ್ಟಣ. "ಅಂಗಡಿ ಎಲ್ಲ ಮುಚ್ಚವ್ರೆ, ಮಗು ಇರೋ ಮನೆ ಅಂತ ತಂದೆ" ಎಂದ. ಕುಳಿತು ಕಾಫಿ ಕುಡಿದ. ಬಹಳ ಹೊತ್ತಾದ ಮೇಲೆ, "ಅಣ್ಣಾವ್ರು ಬರ್ತಾರೆ ಬಿಡು. ಅದಿರಲಿ, ತ್ರಿಶೂಲಂ ಆಮೇಲಾದ್ರೂ ನೋಡಿದ್ಯಾ?" ಎಂದು ಕೇಳಿದ. ನೋಡಿದ್ದೆ, ದೂರದರ್ಶನದ ಪೆಟ್ಟಿಗೆಯಲ್ಲಿ, ತಮಿಳು ವಾಹಿನಿಯೊಂದರಲ್ಲಿ. ಅವನು ಬರೆದದ್ದೇ ಸರಿ ಎಂದೆ. ಕ್ಷಮೆ ಕೇಳಬೇಕೆಂದುಕೊಂಡದ್ದು ಅಷ್ಟಕ್ಕೇ ನಿಂತಿತು. 108 ದಿನಗಳ ಮೇಲೆ, ನವೆಂಬರ್ 15ರಂದು ರಾಜಕುಮಾರರು ಬಿಡುಗಡೆಯಾದಾಗ ಮೊದಲು ದೂರವಾಣಿ ಮಾಡಿದವನು ಅವನೇ.

ಆ ಮಗಳ ವಿಷಯವನ್ನೂ ಹೇಳಿಬಿಡಬೇಕು. ಅವಳು ಒಂದನೆಯ ತರಗತಿಗೆ ಸೇರಿದ್ದು 2006ರಲ್ಲಿ. ತಮಿಳನ್ನು ಕಡ್ಡಾಯಗೊಳಿಸುವ ರಾಜ್ಯದ ಕಾಯಿದೆ ಒಂದನೆಯ ತರಗತಿಯಿಂದ ಜಾರಿಗೆ ಬಂದದ್ದೂ ಆ ವರ್ಷವೇ. ಭಾಷಾ ಅಲ್ಪಸಂಖ್ಯಾತರ ಶಾಲೆಗಳು ಅದರಿಂದ ಪಟ್ಟ ಪಾಡನ್ನು ಬೇರೆಯವರು ಈ ಸಂಚಿಕೆಯಲ್ಲಿ ಬರೆಯುತ್ತಿರಬಹುದು. ಆದರೆ ನಾನು ಕಾಯಿದೆಯನ್ನು ದೂರಲಾರೆ. ಕನ್ನಡ ಶಾಲೆಯ ಹಳೆಯ ವಿದ್ಯಾರ್ಥಿಯಾದ ನಾನೇ, ಈ ಶಾಲೆಯ ಗೇಟಿನ ಮುಂದೆ ಹಾದು, ಮಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿ ಬಂದೆ. ಯಾರೂ ಬಲವಂತ ಮಾಡಿರಲಿಲ್ಲ. ಅಂದು ಗೆಳೆಯನ ತಂದೆ ಹಾಕಿದ ಲೆಕ್ಕವನ್ನೇ ನಾನೂ ಹಾಕಿದ್ದೆ. ಅವನಿಗೆ ಮರದ ಕೆಳಗೆ ಅಂದ ಮಾತನ್ನು ನನಗೆ ಅನ್ನಲು ಮಾತ್ರ ಯಾರೂ ಇರಲಿಲ್ಲ.

ಮಗಳು ಕನ್ನಡ ಮಾತನಾಡುತ್ತಾಳೆ, ಓದಲು ಬಾರದು. ಸಿನಿಮಾದ ಹುಚ್ಚು ಮಾತ್ರ ರಕ್ತದಲ್ಲಿ ಬಂದಿದೆ. 2018ರ ಡಿಸೆಂಬರಿನಲ್ಲಿ 'ಕೆ.ಜಿ.ಎಫ್.' ಕನ್ನಡದೊಡನೆ ತಮಿಳಿನಲ್ಲಿಯೂ ಒಮ್ಮೆಗೇ ಬಂದಾಗ ಅವಳ ಗೆಳತಿಯರು ತಮಿಳಿನಲ್ಲಿ ನೋಡಿದರು, ಇವಳು ಕನ್ನಡದಲ್ಲಿ ನೋಡಿದಳು. ಯಾವುದು ಮೇಲೆಂದು ವಾರವೆಲ್ಲ ವಾದ. ನನಗದು ಗದ್ದಲದ ಚಿತ್ರವೆನಿಸಿತು. ಹಾಗೆಂದು ಹೇಳಿ ಬೈಸಿಕೊಂಡೆ. 2022ರಲ್ಲಿ 'ಕಾಂತಾರ' ನೋಡಿಬಂದ ರಾತ್ರಿ ಕರಾವಳಿಯ ಕನ್ನಡದ ಎಷ್ಟೋ ಮಾತುಗಳು ಅವಳಂತೆ ನನಗೂ ಅರ್ಥವಾಗಿರಲಿಲ್ಲವೆಂದು ಒಪ್ಪಿಕೊಂಡಾಗ ಅವಳಿಗೆ ಪರಮಾನಂದ. 2025ರ ಜೂನಿನಲ್ಲಿ ಕಮಲ ಹಾಸನ್ನರ 'ಥಗ್ ಲೈಫ್' ಕರ್ನಾಟಕದಲ್ಲಿ ಬಿಡುಗಡೆಯಾಗದೆ, ಬೆಂಗಳೂರಿನವರು ಅತ್ತಿಬೆಲೆ ದಾಟಿ ಹೊಸೂರಿಗೆ ಬಂದು ನೋಡಿದರು. ಕನ್ನಡದ ಹುಟ್ಟಿನ ಬಗ್ಗೆ ಅವರಾಡಿದ ಮಾತು ನನಗೂ ಹಿಡಿಸಲಿಲ್ಲ. ಆದರೆ 1977ರ 'ಕೋಕಿಲ'ದಲ್ಲಿ ಕನ್ನಡದ ನಾಯಕನಾಗಿದ್ದ ಆ ನಟನ ಕೆಲಸವನ್ನು ಮಾತಿನಿಂದ ಬೇರೆ ಮಾಡಿ ನೋಡಬೇಕೆಂದು ಮಗಳಿಗೆ ಹೇಳುವಾಗ, ಪಂಡಿತರ ಕಟ್ಟಳೆಯನ್ನೇ ಹೇಳುತ್ತಿದ್ದೇನೆಂಬುದು ಹೊಳೆಯಿತು. "ಅಪ್ಪ, ನೀವು ಈ ಚಿತ್ರ ನೋಡಿದಿರಾ?" ಎಂದಳು. ನೋಡಿಲ್ಲ ಎಂದೆ. ಈ ಸಲ ನಿಜ ಹೇಳಿದೆ.

ಪಂಡಿತರು ನಿವೃತ್ತರಾಗುವಾಗ ಆ ನೋಟ್‌ಬುಕ್ಕನ್ನು ನನಗೆ ಕೊಟ್ಟಿದ್ದರು. ಏಕೆ ನನಗೇ ಕೊಟ್ಟರೆಂದು ಕೇಳುವ ಧೈರ್ಯವಾಗಲಿಲ್ಲ. ಈ ಲೇಖನಕ್ಕಾಗಿ ಅದನ್ನು ಹೊರತೆಗೆದಾಗ ಮಗಳು ಪಕ್ಕದಲ್ಲಿ ಕುಳಿತು ಗೆಳೆಯನ ಪುಟದ ಮೊದಲ ಸಾಲನ್ನು ಓದಿಸಿಕೊಂಡಳು. ಆಮೇಲೆ ಬೆರಳಿಟ್ಟು ತಾನೇ ಕೂಡಿಸಿಕೊಂಡು ಓದಲು ಹೊರಟಳು. 'ನೋಡಿದ್ದೇನೆ' ಎಂಬಲ್ಲಿಯ ದ್ದೇಕಾರದಲ್ಲಿ ಸಿಕ್ಕಿಕೊಂಡು ನಾಲ್ಕು ಸಲ ಹಿಂದಕ್ಕೆ ಹೋದಳು. ಪಂಡಿತರ ಕೆಂಪು ಶಾಯಿ ಬಿದ್ದಿರುವುದೂ ಅದೇ ಅಕ್ಷರದ ಮೇಲೆ.

ನೋಟ್‌ಬುಕ್ಕನ್ನು ಮಹೋತ್ಸವದ ದಿನ ಶಾಲೆಯ ಗ್ರಂಥಾಲಯಕ್ಕೆ ಒಪ್ಪಿಸುತ್ತೇನೆ, ಗೆಳೆಯನೂ ಬರುವೆನೆಂದಿದ್ದಾನೆ. ಹನ್ನೊಂದು ಹಾಳೆಗಳು ಕಾಣೆಯಾಗಿವೆ. ಹಳೆಯ ವಿದ್ಯಾರ್ಥಿಗಳಲ್ಲಿ ಯಾರ ಬಳಿಯಾದರೂ ಇದ್ದರೆ ದಯಮಾಡಿ ತಂದುಕೊಡಬೇಕು. ನನ್ನ ಸುಳ್ಳಿರುವ ಪುಟ ಅದರಲ್ಲಿಯೇ ಇದೆ, ಅದನ್ನು ಹರಿದಿಲ್ಲ.