ಸಾಲ್ಸ್‌ಬರಿಯ ಡಬ್ಬಿ ಸುಗ್ಗಿ

ಇಂಗ್ಲೆಂಡಿನ ಸಾಲ್ಸ್‌ಬರಿಗೆ ಹೋದವರು ಊರಾಚೆಯ ಸ್ಟೋನ್‌ಹೆಂಜ್ ಕಲ್ಲುಗಳನ್ನೂ ಊರೊಳಗಿನ ಕತೀಡ್ರಲನ್ನೂ ನೋಡಿ ಬರುತ್ತಾರೆ. 123 ಮೀಟರ್ ಎತ್ತರದ ಅದರ ಗೋಪುರವನ್ನು ಮೀರುವ ಚರ್ಚು ಇಂದು ಬ್ರಿಟನ್ನಿನಲ್ಲಿಲ್ಲ. 1215ರ ಮ್ಯಾಗ್ನ ಕಾರ್ಟ ಎಂಬ ಹಕ್ಕುಪತ್ರದ ಉಳಿದಿರುವ ನಾಲ್ಕು ಪ್ರತಿಗಳಲ್ಲಿ ಒಂದು ಈ ಕತೀಡ್ರಲಿನಲ್ಲಿದೆ. ಗೋಪುರವನ್ನು ಕತ್ತು ನೋಯುವಷ್ಟು ನಾನೂ ನೋಡಿದೆ. ನಿಜವಾದ ಬೆರಗು ಕಾದಿದ್ದು ಮಾತ್ರ ಬೇರೊಂದು ಸಣ್ಣ ಚರ್ಚಿನಲ್ಲಿ.

ಅದು ಅವರ ಸುಗ್ಗಿ ಹಬ್ಬದ ಭಾನುವಾರ. ಗೋಧಿ ತೆನೆ, ಸೇಬು, ಕುಂಬಳ ಇಡುತ್ತಿದ್ದ ವೇದಿಕೆಯ ಮುಂದೆ ಈಗ ಡಬ್ಬಿಗಳ ರಾಶಿ: ಬೀನ್ಸ್, ಟೊಮೆಟೊ, ಸೂಪು, ಹಾಲಿನ ಪೊಟ್ಟಣ. ಪ್ರಾರ್ಥನೆ ಮುಗಿದದ್ದೇ ತಡ, ಹಿರಿಯರಿಬ್ಬರು ಅಂಗಿಯ ತೋಳು ಮಡಚಿ ಎಲ್ಲವನ್ನೂ ತಕ್ಕಡಿಗೆ ಹಾಕಿ ತೂಗಿದರು. ಒಂದೊಂದು ಡಬ್ಬಿಯ ನೆತ್ತಿಯ ಮೇಲೂ ಕಪ್ಪು ಮಾರ್ಕರಿನಲ್ಲಿ ವಾಯಿದೆಯ ತಿಂಗಳು, ವರ್ಷವನ್ನು ದಪ್ಪಕ್ಕೆ ಬರೆದರು. ಬೇಗ ಕೆಡುವುದು ಮುಂದಕ್ಕೆ, ಉಳಿಯುವುದು ಹಿಂದಕ್ಕೆ. ದಿನಸಿ ಅಂಗಡಿಯ ಶೆಟ್ಟರೂ ಇಷ್ಟು ಕಟ್ಟುನಿಟ್ಟಾಗಿರಲಾರರು.

ಇವೆಲ್ಲ ಹೋಗುವುದು ಕಷ್ಟದಲ್ಲಿರುವವರಿಗೆ ಉಚಿತವಾಗಿ ದಿನಸಿ ಕೊಡುವ ಫುಡ್‌ಬ್ಯಾಂಕಿಗೆ. ಅಂಥ ಫುಡ್‌ಬ್ಯಾಂಕುಗಳ ಜಾಲ ಕಟ್ಟಿದ ಟ್ರಸೆಲ್ ಟ್ರಸ್ಟ್ ಹುಟ್ಟಿದ್ದು ಇದೇ ಊರಲ್ಲಿ, 1997ರಲ್ಲಿ. ಪ್ಯಾಡಿ, ಕ್ಯಾರೊಲ್ ಹೆಂಡರ್ಸನ್ ದಂಪತಿ ಬಲ್ಗೇರಿಯಾದ ಸೋಫಿಯಾ ರೈಲು ನಿಲ್ದಾಣದಲ್ಲಿ ಮಲಗುತ್ತಿದ್ದ ಮಕ್ಕಳ ನೆರವಿಗೆಂದು ಕಟ್ಟಿದ ಸಂಸ್ಥೆ ಅದು. ಕ್ಯಾರೊಲ್ ಅವರ ತಾಯಿ ಬೆಟ್ಟಿ ಟ್ರಸೆಲ್ ಬಿಟ್ಟುಹೋದ ಹಣವೇ ಬಂಡವಾಳ. 2000ದಲ್ಲಿ ಸಾಲ್ಸ್‌ಬರಿಯ ತಾಯಿಯೊಬ್ಬಳು ಪ್ಯಾಡಿಗೆ ಫೋನ್ ಮಾಡಿ, ತನ್ನ ಮಕ್ಕಳು ಈ ರಾತ್ರಿ ಹಸಿದು ಮಲಗಲಿವೆ, ಅದಕ್ಕೇನು ಮಾಡುತ್ತೀರಿ ಎಂದು ಕೇಳಿದಳಂತೆ. ಅವರು ತಮ್ಮ ಮನೆಯ ಗ್ಯಾರೇಜು, ಶೆಡ್ಡಿನಲ್ಲೇ ದಿನಸಿ ಕೂಡಿಡಲು ಶುರುಮಾಡಿದರು. 2004ರಿಂದ ಬೇರೆ ಊರಿನ ಚರ್ಚುಗಳಿಗೂ ಆ ಕೆಲಸ ಕಲಿಸಿಕೊಟ್ಟರು. ಜಾಗ, ಜನ, ದಿನಸಿ ಎಲ್ಲ ಆಯಾ ಊರಿನದೇ. 2023-24ರಲ್ಲಿ ಈ ಜಾಲ ಹಂಚಿದ್ದು 31 ಲಕ್ಷಕ್ಕೂ ಹೆಚ್ಚು ಆಹಾರದ ಪೊಟ್ಟಣ. ಜಗತ್ತಿನ ದೊಡ್ಡ ಸಿರಿವಂತ ದೇಶಗಳ ಸಾಲಿನಲ್ಲಿ ಕೂರುವ ನಾಡಿನ ಲೆಕ್ಕ ಇದು!

ಫುಡ್‌ಬ್ಯಾಂಕಿಗೆ ಬಂದವರು ಚೀಟಿ ತರಬೇಕು. ವೈದ್ಯರೋ ಶಾಲೆಯೋ ಸಮಾಜಸೇವಕರೋ ಬರೆದುಕೊಟ್ಟ ಚೀಟಿ. ಅದಕ್ಕೆ ಮೂರು ದಿನದ ಆಹಾರ. ಹಸಿವಿಗೂ ಸಹಿ ಬೇಕೇ ಎಂದು ನನಗೆ ಕಸಿವಿಸಿಯಾಯಿತು. ಆದರೆ ಅದರಲ್ಲೊಂದು ಅನುಕೂಲವೂ ಇದೆ: ಯಾರು ಅರ್ಹರು, ಯಾರಲ್ಲ ಎಂಬ ವಿಚಾರಣೆ ಚರ್ಚಿನವರ ಹೆಗಲಿಗೆ ಬೀಳುವುದಿಲ್ಲ. ಅವರು ಚಹಾ ಕೊಟ್ಟು ಪಕ್ಕದಲ್ಲಿ ಕೂರಬಹುದು. ಬೈಬಲ್ ಓದುತ್ತೀರಾ ಎಂದು ಯಾರೂ ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ಕೇಳುವ ಪ್ರಶ್ನೆ ಬೇರೆಯೇ: ಮನೆಯಲ್ಲಿ ಒಲೆ ಹಚ್ಚುವಷ್ಟು ಗ್ಯಾಸು, ಕರೆಂಟು ಇದೆಯೇ?

ಇಲ್ಲವೆಂದರೆ ಬೇರೆ ಚೀಲ. ನೀರು ಮಾತ್ರ ಕಾಯಿಸಬಲ್ಲವರಿಗೆ ಬಿಸಿನೀರು ಹೊಯ್ದರೆ ಸಾಕಾಗುವ ನೂಡಲ್ಸು, ಸೂಪಿನ ಪುಡಿ; ಅದೂ ಆಗದವರಿಗೆ ತಣ್ಣಗೇ ತಿನ್ನಬಹುದಾದ ಹಣ್ಣಿನ ಡಬ್ಬಿ. ಡಬ್ಬಿಯೂ ಕೊಕ್ಕೆ ಎಳೆದು ತೆಗೆಯುವಂಥದ್ದೇ ಇರಬೇಕು. "ಓಪನರ್ ಇಲ್ಲದ ಮನೆಗಳೂ ಇರುತ್ತವಲ್ಲ," ಎನ್ನುತ್ತ ಆ ಹಿರಿಯರಲ್ಲೊಬ್ಬರು ಒಂದು ಡಬ್ಬಿ ತೆಗೆದು ಬೇರೆ ಇಟ್ಟರು.