ಇಪ್ಪತ್ತಾರನೇ ತಲೆಮಾರು

ಫ್ಲಾರೆನ್ಸಿನ ಆಂಟಿನೋರಿ ಮನೆತನ ವೈನ್ ವ್ಯಾಪಾರಿಗಳ ಸಂಘ ಸೇರಿದ್ದು 1385ರಲ್ಲಿ. ಆಗ ವಿಜಯನಗರ ಹುಟ್ಟಿ ಸುಮಾರು ಐವತ್ತು ವರ್ಷ. ಆ ಸಾಮ್ರಾಜ್ಯ ಮೆರೆಯಿತು, ಮುಳುಗಿತು. ಇವರು ಇನ್ನೂ ದ್ರಾಕ್ಷಿ ಹಿಂಡುತ್ತಲೇ ಇದ್ದಾರೆ. ಈಗಿನದು 26ನೇ ತಲೆಮಾರು.

ಇಷ್ಟು ಹಳೆಯ ಮನೆ ಅಂದರೆ ಅಜ್ಜ ಹಾಕಿದ ಗೆರೆ ದಾಟದವರು ಅಂದುಕೊಳ್ಳುತ್ತೇವೆ. ಇವರದು ಉಲ್ಟಾ. ಪಿಯೆರೋ ಆಂಟಿನೋರಿ 1971ರ ಬೆಳೆಯಿಂದ ಟಿನ್ಯಾನೆಲ್ಲೊ ಎಂಬ ವೈನ್ ಮಾಡುವಾಗ ಕಿಯಾಂಟಿ ಸೀಮೆಯ ಕಟ್ಟಳೆಯನ್ನೇ ಬದಿಗಿಟ್ಟರು. ವೈನ್ ಮಾಗಿದ್ದು ಸಣ್ಣ ಓಕ್ ಪೀಪಾಯಿಗಳಲ್ಲಿ. ಕೆಂಪು ವೈನಿಗೆ ಬಿಳಿ ದ್ರಾಕ್ಷಿಯನ್ನೂ ಬೆರೆಸಬೇಕೆಂಬ ನಿಯಮಕ್ಕೆ ಕೆಲವೇ ವರ್ಷಗಳಲ್ಲಿ ಸೊಪ್ಪು ಹಾಕದೆ, ಫ್ರಾನ್ಸಿನ ಕ್ಯಾಬರ್ನೆ ತಳಿ ಸೇರಿಸಿದರು. ಅದಕ್ಕೆ ದಂಡವೆಂಬಂತೆ ಆಗ ಬಾಟಲಿಯ ಮೇಲೆ 'ಕಿಯಾಂಟಿ' ಹೆಸರಿರಲಿಲ್ಲ, ಬರೀ 'ಟೇಬಲ್ ವೈನ್'. ಮಜಾ ಅಂದರೆ, ಆ ಸಾಧಾರಣ ಪಟ್ಟಿ ಹೊತ್ತ ಬಾಟಲಿಗೇ ಲೋಕ ಕಿಸೆ ಬಿಚ್ಚಿತು!

ಪಾಲಿನ ತಕರಾರಿನಂಥದ್ದು ಅಲ್ಲಿಗೂ ಬಂತು. ಎಂಬತ್ತರ ದಶಕದಲ್ಲಿ ಒಡಹುಟ್ಟಿದವರು ತಮ್ಮ ಪಾಲು ಬಿಟ್ಟಾಗ ಬ್ರಿಟನ್ನಿನ ಬಿಯರ್ ಕಂಪನಿಯೊಂದು ಒಳಗೆ ಕಾಲಿಟ್ಟಿತ್ತು. ಪಿಯೆರೋ ಕೆಲವು ವರ್ಷಗಳಲ್ಲೇ ಆ ಪಾಲನ್ನು ಮರಳಿ ಕೊಂಡುಕೊಂಡರು. ನನ್ನ ಮಟ್ಟಿಗೆ, ಆರು ಶತಮಾನ ಉಳಿದದ್ದಕ್ಕಿಂತ ದೊಡ್ಡ ಸಾಹಸ ಇದೇ.

ಅವರಿಗೆ ಮೂವರೂ ಹೆಣ್ಣುಮಕ್ಕಳು. ಕಂಪನಿಯ ಅಧ್ಯಕ್ಷಗಿರಿ ಈಗ ಹಿರಿಮಗಳು ಅಲ್ಬಿಯೆರಾ ಕೈಯಲ್ಲಿದೆ. 'ಗಂಡು ಸಂತಾನವಿಲ್ಲ, ಮುಂದೇನಪ್ಪಾ' ಎಂದು ಕಟ್ಟೆಯ ಮೇಲೆ ಕೂತು ಮರುಗುವವರು ಫ್ಲಾರೆನ್ಸಿನಲ್ಲೂ ಇದ್ದಿರಬೇಕು, ಬಿಡಿ.